ಮೊಂಡು ಕತ್ತರಿಯ ಮಂಗಳವಾರ

ಸೋಮವಾರ ಸಂಜೆ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು, ರಶ್ಮಿತಾ ತನ್ನ ಕೂದಲು ಕತ್ತರಿಸುವ ಕತ್ತರಿಯಿಂದ ಗೋಣಿ ದಾರ ಕತ್ತರಿಸಿದಳು.

ಒಂದು ಎಳೆ. ಇನ್ನೊಂದು ಎಳೆ. ಕತ್ತರಿ ಕರಕ್ ಅಂತು. ಆ ಸದ್ದಿಗೆ ಅವಳ ಹಲ್ಲು ಜುಮ್ಮೆಂದವು. "ತಪ್ಪಾಯ್ತು ಕಣೋ, ತಪ್ಪಾಯ್ತು," ಎಂದು ಕತ್ತರಿಯನ್ನೇ ಕಣ್ಣಿಗೊತ್ತಿಕೊಂಡು, ಮತ್ತೆ ಒಂದು ಎಳೆ ಕತ್ತರಿಸಿದಳು.

ಈ ಕಸುಬಿನವರು ಯಾರಾದರೂ ನೋಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು. ಹೇರ್ ಕಟ್ ಮಾಡುವ ಕತ್ತರಿಯಿಂದ ಶಾಂಪೂ ಪಾಕೀಟು ಕೂಡ ಕತ್ತರಿಸಬಾರದು, ಅಲಗು ಹೋಗುತ್ತದೆ. ಇದು ರಶ್ಮಿತಾಗೆ ಗೊತ್ತಿಲ್ಲದ್ದಲ್ಲ. ಹಾನುಬಾಳಿನ ಬಸ್‌ಸ್ಟ್ಯಾಂಡ್ ಎದುರು 'ರಶ್ಮಿ ಹೇರ್ ಅಂಡ್ ಬ್ಯೂಟಿ' ಅಂತ ಬೋರ್ಡ್ ಹಾಕಿಕೊಂಡು ಸುತ್ತಿನ ಎಸ್ಟೇಟುಗಳ ಹೆಂಗಸರ ತಲೆಯನ್ನೆಲ್ಲ ಚೆಂದ ಮಾಡಿಕೊಡುವವಳು ಅವಳು. ಗೊತ್ತಿದ್ದೂ ಗೊತ್ತಿದ್ದೂ ದಾರ ಕತ್ತರಿಸುತ್ತಿದ್ದಳು. ಯಾಕೆಂದರೆ ನಾಳೆ ಮಂಗಳವಾರ. ಕತ್ತರಿಗೆ ಸಾಣೆ ಹಿಡಿಯುವ ಧರ್ಮ ಆಲೂರಿನಿಂದ ಬರುವ ಮಂಗಳವಾರ. ಈ ಹಾಳು ಕತ್ತರಿ ನೋಡಿದರೆ ಇನ್ನೂ ಚೆನ್ನಾಗಿಯೇ ಕತ್ತರಿಸುತ್ತಿತ್ತು.

ಹರಿತವಾಗಿರುವ ಕತ್ತರಿಗೆ ಸಾಣೆಯವನು ಯಾಕೆ ಬೇಕು? ನೀವೇ ಹೇಳಿ.

ಪ್ರೀತಿ ಹುಟ್ಟಿದರೆ ಜನ ಹೊಸ ಬಟ್ಟೆ ಹೊಲಿಸುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ, ಸ್ಟೇಟಸ್ಸಿನಲ್ಲಿ ಹಾಡು ಹಾಕುತ್ತಾರೆ. ಇವಳು ತನ್ನ ಅನ್ನದ ಕತ್ತರಿಯನ್ನು ತಾನೇ ಮೊಂಡು ಮಾಡಿಕೊಳ್ಳುತ್ತಿದ್ದಳು. ಬುದ್ಧಿ ಇಲ್ಲ ಅನ್ನಿ, ಅವಳೂ ಹಾಗೇ ಅಂದುಕೊಳ್ಳುತ್ತಿದ್ದಳು. ಆದರೂ ತಿಂಗಳಿಗೊಂದು ಸೋಮವಾರ ಬಂದರೆ ಪಕ್ಕದ ಟೀ ಅಂಗಡಿಯ ಕೆಂಚಮ್ಮನ ಹತ್ತಿರ ಹೋಗಿ, "ಅಜ್ಜಿ, ಒಂದ್ ಮೊಳ ದಾರ ಇದ್ರೆ ಕೊಡಿ," ಎಂದು ಕೈ ಒಡ್ಡಿ ನಿಲ್ಲುತ್ತಿದ್ದಳು.

ಎರಡು ವರ್ಷದ ಹಿಂದೆ ಅವರಿಬ್ಬರ ಮೊದಲ ಭೇಟಿ ಜಗಳದಲ್ಲೇ ಆದದ್ದು. ಮಂಗಳವಾರ ಕಟಿಂಗ್ ಶಾಪುಗಳಿಗೆ ರಜೆ, ಕತ್ತರಿಗಳೆಲ್ಲ ಸುಮ್ಮನೆ ಬಿದ್ದಿರುವ ದಿನ. ಹಾಗಾಗಿ ಧರ್ಮನಿಗೆ ಅದೇ ಕೆಲಸದ ದಿನ. ಸ್ಕೂಟರಿನ ಹಿಂದೆ ಸಾಣೆ ಮಷೀನು ಕಟ್ಟಿಕೊಂಡು ಬಂದು, ಕೆಂಚಮ್ಮನ ಬೆಂಚಿನ ಮೇಲೆ ಕೂತಿದ್ದ. ರಶ್ಮಿತಾ ತನ್ನ ಕತ್ತರಿ ತೋರಿಸಿದಳು. ಅವನು ಒಂದು ಕಣ್ಣು ಮುಚ್ಚಿ ನೋಡಿ, "ಇದನ್ನ ಯಾರ್ ಹತ್ರ ಮಸೆಸಿದ್ರಿ?" ಅಂದ.

"ಎಸ್ಟೇಟ್ ಕತ್ತಿ ಮಸೆಯೋರು ಬಂದಿದ್ರು, ಅವ್ರ ಹತ್ರ."

"ನಿಮ್ ಕಣ್ ಆಪರೇಷನ್ನೂ ಲಾರಿ ಮೆಕ್ಯಾನಿಕ್ ಹತ್ರ ಮಾಡಿಸ್ತೀರಾ?"

ಉರಿದುಹೋಯಿತು ಅವಳಿಗೆ. ಕತ್ತರಿ ಕಿತ್ತುಕೊಂಡು ಅಂಗಡಿಗೆ ಬಂದಳು. ಅರ್ಧ ಗಂಟೆ ಕೂತಳು. ಮತ್ತೆ ಅದೇ ಕತ್ತರಿ ಹಿಡಿದು ಹೋದಳು, ಬೇರೆ ಯಾರಿದ್ದರು ಅವಳಿಗೆ? ಅವನು ಏನೂ ಅನ್ನದೆ ಕಲ್ಲು ನೆನೆಸಿ, ಸಂಜೆವರೆಗೆ ಉಜ್ಜಿ, ಕೊನೆಗೆ ಅವಳ ಕೈಗೆ ನೀಡಲು ಹೋದ.

"ಏಯ್! ಕೈಯಿಂದ ಕೈಗೆ ಕತ್ರಿ ಕೊಟ್ಟೀಯಾ, ಜೋಕೆ!" ಎಂದು ಕೆಂಚಮ್ಮ ಸೌಟು ಎತ್ತಿದಳು. "ಜಗಳ ಬತ್ತದೆ. ಕೆಳಗ್ ಮಡಗು. ಅವ್ಳು ತಕ್ಕಳ್ಲಿ."

ಧರ್ಮ ಬೆಚ್ಚಿ ಕತ್ತರಿಯನ್ನು ಬೆಂಚಿನ ಮೇಲಿಟ್ಟ. ಆಮೇಲೆ ತಲೆ ಎತ್ತಿ ನಕ್ಕ.

ಅಲ್ಲೇ ಎಡವಟ್ಟಾದದ್ದು. ಅವನಿಗೆ ತಲೆ ತಗ್ಗಿಸಿ ಮಾತಾಡುವ ಅಭ್ಯಾಸ, ನಗುವಾಗ ಮಾತ್ರ ತಲೆ ಎತ್ತುತ್ತಾನೆ. ಅವನನ್ನು ನಗಿಸಿದರೆ ಮಾತ್ರ ಅವನ ಮುಖ ಪೂರ್ತಿ ಸಿಗುತ್ತದೆ. ಅವತ್ತಿನಿಂದ ರಶ್ಮಿತಾ ತಿಂಗಳಿಡೀ ತಮಾಷೆ ಮಾತುಗಳನ್ನು ಕೂಡಿಟ್ಟುಕೊಳ್ಳತೊಡಗಿದಳು. ಅವತ್ತಿನಿಂದ ಕತ್ತರಿ ಟೇಬಲ್ಲಿನ ಮೇಲೆ ಇಡುವುದು, ಎತ್ತಿಕೊಳ್ಳುವುದು. ಎರಡು ವರ್ಷದಲ್ಲಿ ಒಮ್ಮೆಯೂ ಅವನ ಬೆರಳು ಅವಳ ಬೆರಳಿಗೆ ತಾಗಿರಲಿಲ್ಲ.

* * *

ಮಂಗಳವಾರ ಹತ್ತರ ಹೊತ್ತಿಗೆ ಸ್ಕೂಟರಿನ ಸದ್ದು ಕೇಳಿತು. ರಶ್ಮಿತಾ ಕನ್ನಡಿಯಲ್ಲಿ ಒಂದು ಸಲ ನೋಡಿಕೊಂಡು, ಏನೂ ಗೊತ್ತಿಲ್ಲದವಳಂತೆ ನೆಲ ಗುಡಿಸತೊಡಗಿದಳು.

"ರಜಾ ದಿನಾನೂ ಗುಡಿಸ್ತಿದ್ದೀರಲ್ರೀ," ಅಂದ ಧರ್ಮ, ಬಾಗಿಲ ಬಳಿ ಪೆಟ್ಟಿಗೆ ಇಳಿಸುತ್ತ.

"ಭಾನುವಾರದ ಕೂದ್ಲೇ ಇನ್ನೂ ಮುಗ್ದಿಲ್ಲ. ಕಾಫಿ ಕೊಯ್ಲು ನೋಡಿ, ಭಾನುವಾರ ಬಂತಂದ್ರೆ ಎಸ್ಟೇಟ್ ಕೂಲಿಯೋರ ಲೈನ್ ಮನೆ ಹೆಂಗಸ್ರೆಲ್ಲ ಇಲ್ಲೇ. ಕೆಲ್ಸದ ಹುಡುಗಿ ಮದ್ವೆ ಆಗಿ ಹೋದ್ಮೇಲೆ ಗುಡಿಸೋಕೆ ಒಂದ್ ನರಪಿಳ್ಳೆ ಇಲ್ಲ. ಉಸಿರಾಡಕ್ಕೂ ಟೈಮಿಲ್ಲ."

"ಉಸಿರಾಡದೇ ಎಷ್ಟ್ ತಲೆ ಮಾಡಿದ್ರಿ?"

"ಕೂದ್ಲು ಎಣಿಸಿದ್ದೀನಿ, ತಲೆ ಎಣಿಸಿಲ್ಲ."

ನಕ್ಕ. ತಲೆ ಎತ್ತಿದ. ರಶ್ಮಿತಾ ಪೊರಕೆ ಹಿಡಿದು ನಿಂತೇ ಇದ್ದಳು. ಇಷ್ಟಕ್ಕೇ ಇಡೀ ತಿಂಗಳು ಕಾಯುವುದಾ ಅಂತ ತನ್ನ ಮೇಲೆ ತನಗೇ ಮರುಕ ಬಂತು.

ಅವಳು ಟೇಬಲ್ಲಿನ ಮೇಲೆ ಕತ್ತರಿ ಇಟ್ಟಳು. ಅವನು ಎತ್ತಿಕೊಂಡು ಕಣ್ಣಿಗೆ ಭೂತಗನ್ನಡಿ ಒತ್ತಿ, ಅಲಗನ್ನು ಬೆಳಕಿಗೆ ತಿರುಗಿಸಿದ. ತಿರುಗಿಸಿ ತಿರುಗಿಸಿ ನೋಡಿದ.

"ಏನ್ ಕತ್ತರಿಸಿದ್ರಿ ಇದ್ರಲ್ಲಿ?"

"ಕೂದ್ಲು."

"ಯಾರ್ದು? ಆನೆ ಬಾಲದ್ದಾ?"

"ಕೆಂಚಮ್ಮಜ್ಜಿ..." ಎಂದು ರಾಗ ಎಳೆದಳು. "ಮೆಣಸಿನ್ ಚೀಲದ ದಾರ ಕತ್ತರಿಸ್ಬಿಟ್ರು. ನಾನ್ ನೋಡ್ಲಿಲ್ಲ."

"ಹೋದ್ ತಿಂಗ್ಳೂ ಅವ್ರೇ ಅಂದ್ರಿ."

"ಹೂಂ. ವಯಸ್ಸಾಯ್ತಲ್ಲ, ಪಾಪ. ಮರೀತಾರೆ."

ಧರ್ಮ ಏನೋ ಹೇಳಲು ಹೋದವನು ಅವಳ ಬಲಗೈ ನೋಡಿ ಸುಮ್ಮನಾದ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಬ್ಯಾಂಡೇಜು ಸುತ್ತಿತ್ತು.

"ಇದೇನ್ರೀ?"

"ಏನಿಲ್ಲ. ನೋವು. ಸಕಲೇಶಪುರದ ಡಾಕ್ಟ್ರು ಸ್ವಲ್ಪ ದಿನ ಕತ್ತರಿ ಹಿಡೀಬೇಡಿ ಅಂದ್ರು. ಹಿಡೀದೇ ಇದ್ರೆ ಊಟ ಡಾಕ್ಟ್ರು ಹಾಕ್ತಾರಾ?"

ಈ ಸಲ ಅವನು ನಗಲಿಲ್ಲ. ಕತ್ತರಿಯನ್ನು ಟೇಬಲ್ಲಿನ ಮೇಲೆ ಮೆಲ್ಲಗೆ ಇಟ್ಟು, ತಲೆ ತಗ್ಗಿಸಿಕೊಂಡು ಹೇಳಿದ.

"ಇದು ಈ ಕತ್ತರಿಯಿಂದ್ಲೇ ಆಗಿರೋದು. ಉಕ್ಕು ಅಂದ್ರೆ ಎಲ್ಲಾ ಒಂದೇ ಅಲ್ಲ ರೀ. ನಿಮ್ದು 420 ಅನ್ನೋ ಉಕ್ಕು, ಬರೀ ಮೆತ್ತಗೆ. ಬೇಗ ಹರಿತ ಆಗ್ತದೆ, ಬೇಗ ಮೊಂಡಾಗ್ತದೆ. ಮೊಂಡಾದ್ರೆ ಕೂದ್ಲು ತುಂಡಾಗಲ್ಲ, ಅಲಗಿನ ನಡುವೆ ಮಡಚ್ಕೊಳ್ತದೆ. ಆಗ ನೀವು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಕತ್ತರಿಸ್ತೀರಿ. ದಿನಕ್ಕೆ ಸಾವಿರಾರು ಸಲ. ಬೆರಳು ಏನಾಗ್ಬೇಕು?"

"ಫೋರ್ ಟ್ವೆಂಟಿನಾ ನಂದು?"

"ತಮಾಷೆ ಮಾಡ್ಬೇಡಿ." ಅವನ ಕಣ್ಣು ಬ್ಯಾಂಡೇಜಿನ ಮೇಲೇ ಇತ್ತು. "ಇದಕ್ಕಿಂತ ಗಟ್ಟಿ 440ಸಿ. ಅದಕ್ಕಿಂತ ಮೇಲೆ ವಿಜಿ ಟೆನ್ ಅಂತ ಜಪಾನಿಂದು. ಅದಕ್ಕೂ ಮೇಲೆ ಜಾಸ್ತಿ ಕೋಬಾಲ್ಟ್ ಹಾಕಿದ ಉಕ್ಕು. ಮುಂದಿನ್ ಸಲ ಮೂರೂ ತರ್ತೀನಿ, ಹಿಡಿದು ನೋಡಿ. ಕೋಬಾಲ್ಟ್ ಒಂದ್ ಇಟ್ಕೊಂಡ್ರೆ ಅಲಗು ಕೆಡೋದೇ ಇಲ್ಲ. ವರ್ಷಕ್ಕೊಂದ್ ಸಲ ನಾನ್ ಮುಖ ತೋರಿಸಿದ್ರೆ ಸಾಕು."

ವರ್ಷಕ್ಕೊಂದು ಸಲ.

ಎಷ್ಟು ಸಲೀಸಾಗಿ ಹೇಳಿಬಿಟ್ಟ! ದೀಪಾವಳಿ ಬಂದಂತೆ, ಯುಗಾದಿ ಬಂದಂತೆ ಬಂದು ಹೋಗುತ್ತಾನಂತೆ. ರಶ್ಮಿತಾ "ನಂಗೆ ಇದೇ ಅಭ್ಯಾಸ," ಎಂದಷ್ಟೇ ಹೇಳಿ ಮತ್ತೆ ಪೊರಕೆ ಹಿಡಿದಳು, ಗುಡಿಸಿದ ಜಾಗವನ್ನೇ ಗುಡಿಸಿದಳು. ಅವನು ಬಾಗಿಲಲ್ಲಿ ಕೂತು ಕತ್ತರಿ ಉಜ್ಜುತ್ತಿದ್ದ, ಯಾವತ್ತಿಗಿಂತ ನಿಧಾನವಾಗಿ.

* * *

ಸಾಣೆ ಹಿಡಿದ ಕತ್ತರಿಯೂ, ಕೈಯೇ ಕೈಕೊಟ್ಟರೆ ಏನು ಮಾಡೀತು? ಧರ್ಮ ಮತ್ತೆ ಬರುವ ಮಂಗಳವಾರಕ್ಕೆ ಮೊದಲಿನ ಶನಿವಾರ ಯಸಳೂರು ಕಡೆಯ ಎಸ್ಟೇಟಿನ ಚೈತ್ರಶ್ರೀ ಲೇಯರ್ ಕಟ್ ಮಾಡಿಸಲು ಬಂದು ಕೂತಿದ್ದಳು. ಎಡಗಡೆ ಮುಗಿದಿತ್ತು. ಬಲಗಡೆ ಅರ್ಧದಲ್ಲಿ ರಶ್ಮಿತಾಳ ಹೆಬ್ಬೆರಳು ಇದ್ದಕ್ಕಿದ್ದಂತೆ ಹಿಡಿದುಕೊಂಡಿತು. ಕತ್ತರಿ ಕೈ ಜಾರಿ ನೆಲಕ್ಕೆ ಬಿತ್ತು.

ಬಗ್ಗಿ ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲೇ ಇಲ್ಲ. ಎಡಗೈಯಿಂದ ಬಲಗೈ ಹಿಡಿದು ನಿಂತುಬಿಟ್ಟಳು.

"ಯಾಕೆ ರಶ್ಮಿ, ಏನಾಯ್ತು?" ಚೈತ್ರಶ್ರೀ ಕನ್ನಡಿಯಲ್ಲಿ ಅವಳ ಮುಖ ನೋಡಿ ಗಾಬರಿಯಾದಳು.

"ಐದೇ ನಿಮಿಷ ಅಕ್ಕ. ಸರಿಹೋಗುತ್ತೆ."

"ನಂದೇನ್ ಅವಸರ ಇಲ್ಲ, ಅರ್ಧ ತಲೇನೇ ಫ್ಯಾಷನ್ ಅಂತ ಹೇಳ್ಕೊಂಡು ತಿರುಗ್ತೀನಿ. ಅಲ್ವೇ, ಇಷ್ಟ್ ಕೆಲ್ಸ ಇಟ್ಕೊಂಡು ಒಂದ್ ಒಳ್ಳೆ ಕತ್ತರಿ ತಗೊಳೋಕೆ ಏನ್ ರೋಗ ನಿಂಗೆ?"

"ಅದೇ ಅಕ್ಕ. ರೋಗಾನೇ."

ಚೈತ್ರಶ್ರೀಗೆ ಅರ್ಥವಾಗಲಿಲ್ಲ, ನಕ್ಕಳು. ರಶ್ಮಿತಾಳೂ ನಕ್ಕಳು. ನಕ್ಕು, ಬಿಸಿನೀರು ತರುತ್ತೇನೆಂದು ಪರದೆಯ ಹಿಂದೆ ಹೋಗಿ, ಗೋಡೆಗೆ ಹಣೆ ಆನಿಸಿ ಅತ್ತಳು. ಬೆರಳು ಹೋದರೆ ಅಂಗಡಿ ಹೋಯಿತು. ಕತ್ತರಿ ಬದಲಿಸಿದರೆ ಅವನು ಹೋದ. ಎರಡರಲ್ಲಿ ಯಾವುದನ್ನು ಬಿಡುವುದು ಅಂತ ಯಾರನ್ನು ಕೇಳುತ್ತಾಳೆ? ಬಾಯಿಬಿಟ್ಟು ಹೇಳೋಣವೆಂದರೆ, ಅವನೇ ವರ್ಷಕ್ಕೊಂದು ಸಲ ಸಾಕು ಅಂದವನು.

ಸಂಜೆ ಅವನ ವಾಟ್ಸಾಪ್ ಬಂತು. ಕೆಂಪು ಬಟ್ಟೆಯ ಮೇಲೆ ಮೂರು ಕತ್ತರಿಗಳ ಫೋಟೋ. ಕೆಳಗೆ, 'ಮೂರೂ ರೆಡಿ. ಹೆಬ್ಬೆರಳು ಹೇಗಿದೆ?'

'ತುಂಬಾ ನೋವು' ಎಂದು ಬರೆದಳು. ಅಳಿಸಿದಳು. 'ಬೇಗ ಬನ್ನಿ' ಎಂದು ಬರೆದಳು. ಅದನ್ನಂತೂ ಕೈ ಸುಟ್ಟವಳಂತೆ ಅಳಿಸಿದಳು. ಕೊನೆಗೆ ಒಂದು ಹೆಬ್ಬೆರಳೆತ್ತಿದ ಇಮೋಜಿ ಕಳಿಸಿ ಫೋನು ಮಗುಚಿಟ್ಟಳು.

ಉತ್ತರ ಬಂತು. 'ಇದ್ಯಾರ ಹೆಬ್ಬೆರಳು? ನಿಮ್ಮದಕ್ಕೆ ಬ್ಯಾಂಡೇಜ್ ಇತ್ತಲ್ಲ.'

ಒಬ್ಬಳೇ ಕೂತು ನಕ್ಕಳು. ನಗುವುದಕ್ಕೂ ಅಳುವುದಕ್ಕೂ ನಡುವೆ ಜಾಸ್ತಿ ಜಾಗ ಉಳಿದಿರಲಿಲ್ಲ ಅವಳಿಗೆ.

ಇಷ್ಟಾದರೂ, ಆ ಸೋಮವಾರ ಮತ್ತೆ ದಾರ ಕೇಳಲು ಹೋದಳು. ಏನೆನ್ನುತ್ತೀರಿ ಇಂಥವಳಿಗೆ!

* * *

ಮರುದಿನ ಹತ್ತಾಯಿತು, ಹನ್ನೊಂದಾಯಿತು, ಸ್ಕೂಟರಿನ ಸದ್ದಿಲ್ಲ. ಆನೆ ಎಲ್ಲಿದೆ ಎಂದು ತಿಳಿಸುವ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂದಿತ್ತು. ಸಕಲೇಶಪುರದ ರಸ್ತೆಯಲ್ಲಿ ಮರಿ ಸಮೇತ ಆನೆಗಳಿವೆ, ಯಾರೂ ಮುಂದೆ ಬರಬೇಡಿ. ದಿನಾ ಬರುವ ಮೆಸೇಜೇ. ಇವತ್ತು ಮಾತ್ರ ರಶ್ಮಿತಾ ಬಾಗಿಲಿಗೂ ಕನ್ನಡಿಗೂ ಓಡಾಡಿ ಸುಸ್ತಾದಳು. ಫೋನ್ ಮಾಡಿದರೆ ಸ್ವಿಚ್ ಆಫ್.

"ಕುಂತ್ಕಳವ್ವ ಒಂದ್ಕಡೆ," ಅಂದಳು ಕೆಂಚಮ್ಮ ಟೀ ಸೋಸುತ್ತ. "ಆನೆ ಅವನ್ನೇನ್ ಮಾಡಾದು? ಅವ್ನ್ ಸ್ಕೂಟ್ರು ಸದ್ದಿಗೆ ಅದೇ ಓಡೋಯ್ತದೆ."

ಮೂರು ಗಂಟೆಗೆ ಬಂದ. ಶರ್ಟಿನ ತುಂಬ ಧೂಳು. ತೋಟದೊಳಗಿನ ಜೀಪ್ ದಾರಿಯಲ್ಲಿ ಸುತ್ತಿಕೊಂಡು ಬಂದಿದ್ದನಂತೆ, ಫೋನಿನ ಚಾರ್ಜು ಮುಗಿದಿತ್ತಂತೆ.

"ಇಷ್ಟ್ ಕಷ್ಟಪಟ್ಟು ಬರ್ಬೇಕಿತ್ತಾ? ವಾಪಸ್ ಹೋಗಿದ್ರೆ ಆಗ್ತಿರ್ಲಿಲ್ವಾ?" ಎಂದು ರೇಗಿದಳು ರಶ್ಮಿತಾ. ಬೈಯುತ್ತಿದ್ದರೂ ಅವಳ ಕಣ್ಣು ಅವನ ಮೈ ಕೈ ಎಲ್ಲ ತಡವಿ ನೋಡುತ್ತಿತ್ತು, ಎಲ್ಲಾದರೂ ಪೆಟ್ಟಾಗಿದೆಯೇ ಅಂತ.

"ಇವತ್ತೇ ಬರ್ಬೇಕಿತ್ತು," ಅಂದ ಅವನು.

ಟೇಬಲ್ಲಿನ ಮೇಲೆ ಕೆಂಪು ಬಟ್ಟೆ ಹಾಸಿ ಮೂರು ಕತ್ತರಿ ಸಾಲಾಗಿ ಇಟ್ಟ. ತರಬೇತಿಗೆ ಬಳಸುವ ಡಮ್ಮಿ ತಲೆಯನ್ನು ಅವಳ ಮುಂದೆ ತಂದು ನಿಲ್ಲಿಸಿದ.

"ಮೊದ್ಲು 440ಸಿ."

ಎತ್ತಿಕೊಂಡು ಕೂದಲಿನ ಒಂದು ಸಣ್ಣ ಎಸಳು ಕತ್ತರಿಸಿದಳು. ಚೆನ್ನಾಗಿತ್ತು. ತನ್ನ ಕತ್ತರಿಯಂತೆ ಕೂದಲು ಮುಂದಕ್ಕೆ ಜಾರಲಿಲ್ಲ. ಆದರೂ ಬೆರಳು ಸಣ್ಣಗೆ ಚುರ್ ಅಂದಿತು.

"ಇದು ಸಾಕಾಗುತ್ತೆ," ಅಂದಳು.

"ಇದಕ್ಕೂ ಮೂರ್ನಾಕ್ ತಿಂಗ್ಳಿಗೆ ಸಾಣೆ ಬೇಕು. ವಿಜಿ ಟೆನ್ ನೋಡಿ."

ಅದು ಇನ್ನೂ ಹಗುರಾಗಿ ಹರಿಯಿತು. "ಚೆನ್ನಾಗಿದೆ," ಎಂದು ಒಪ್ಪಿಕೊಳ್ಳಲೇಬೇಕಾಯಿತು.

"ಈಗ ಇದು." ಮೂರನೆಯದನ್ನು ಅವನು ಎತ್ತಿ ಅವಳ ಹತ್ತಿರಕ್ಕೆ ಸರಿಸಿ ಇಟ್ಟ. ಕೋಬಾಲ್ಟ್. ಸ್ವಲ್ಪ ಮಂಕು ಬಣ್ಣ, ನೋಡಲು ಅಂಥ ಹೊಳಪಿಲ್ಲ.

ಕತ್ತರಿ ಕೂಡಿಕೊಂಡದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಕೂದಲು ಉದುರಿದ್ದು ಮಾತ್ರ ಕಂಡಿತು. ಇನ್ನೊಂದು ಎಸಳು. ಮತ್ತೊಂದು. ಹೆಬ್ಬೆರಳು ಒತ್ತಬೇಕಾಗಿಯೇ ಇರಲಿಲ್ಲ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ನೋವಿಲ್ಲದೆ ಅವಳ ಕೈ ಆಡುತ್ತಿತ್ತು. ಕೈ ಅದನ್ನು ಬಿಡಲು ಒಪ್ಪಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು.

"ನೋವಿಲ್ಲ ಅಲ್ವಾ?" ಮೆಲ್ಲಗೆ ಕೇಳಿದ.

"ಸದ್ದೇ ಇಲ್ಲ ಇದಕ್ಕೆ," ಅಂದಳು ಮುಖ ತಿರುಗಿಸಿ.

"ಸದ್ದಿಲ್ದೇ ಇರೋದೇ ಒಳ್ಳೇ ಕತ್ತರಿ ರೀ."

"ನಂಗೆ ಸದ್ದು ಬೇಕು. ಬಣ್ಣಾನೂ ಸರಿಯಿಲ್ಲ."

"ಬಣ್ಣ ತಗೊಂಡ್ ಏನ್ಮಾಡ್ತೀರಿ?"

"ಬಿದ್ರೆ?"

"ಬಿದ್ರೆ ಚಕ್ಕೆ ಏಳ್ತದೆ, ಗಟ್ಟಿ ಉಕ್ಕು ಹಂಗೇ. ಮೆತ್ತಂದಾದ್ರೆ ಬಾಗ್ತದೆ ಅಷ್ಟೆ. ಬೀಳಿಸ್ಬೇಡಿ."

"ನಾನ್ ಬೀಳಿಸೇ ಬೀಳಿಸ್ತೀನಿ. ನಂಗೆ ನನ್ನ ಹಳೇದೇ ಸಾಕು, ಸಾಣೆ ಹಿಡಿದು ಕೊಡಿ."

ಧರ್ಮ ತಲೆ ತಗ್ಗಿಸಿದ. ಬಹಳ ಹೊತ್ತು ಕೆಂಪು ಬಟ್ಟೆಯ ಅಂಚನ್ನು ಮಡಚುತ್ತ ಬಿಚ್ಚುತ್ತ ಇದ್ದ.

"ಇನ್ಮೇಲೆ ಸಾಣೆಗೆ ನಾನ್ ಬರಲ್ಲ," ಅಂದ. "ಹಾಸನದಲ್ಲಿ ಒಬ್ರು ಸಲೂನ್ ಸಾಮಾನಿನ ಅಂಗ್ಡಿಯೋರು ವರ್ಕ್‌ಶಾಪ್ ಮಾಡ್ತಿದ್ದಾರೆ. ಎಲ್ಲಾ ಕಡೆಯಿಂದ ಕತ್ತರಿ ಕೊರಿಯರಲ್ಲೇ ಬರ್ತವಂತೆ. ನಾನ್ ಒಪ್ಕೊಂಡ್ಬಿಟ್ಟೆ. ಸೋಮವಾರದಿಂದ ಹೋಗ್ಬೇಕು. ಈ ರೂಟು ಇವತ್ತಿಗೆ ಕೊನೆ. ಅದಕ್ಕೇ ಇದನ್ನ ನಿಮ್ ಹತ್ರ ಬಿಟ್ಟೇ ಹೋಗ್ಬೇಕು ಅಂತ ಬಂದೆ. ನಾನಿಲ್ದೇ ಇದ್ರೂ ನಡೀಬೇಕಲ್ಲ ನಿಮ್ಗೆ."

ರಶ್ಮಿತಾ ಕೈಯಲ್ಲಿದ್ದ ಕೋಬಾಲ್ಟ್ ಕತ್ತರಿಯನ್ನು ಟೇಬಲ್ಲಿನ ಮೇಲಿಟ್ಟಳು. ಎರಡು ವರ್ಷದ ಸೋಮವಾರಗಳನ್ನು ಹೀಗೆ ಹಾಳು ಮಾಡಿಕೊಂಡದ್ದು, ಬೆರಳು ಕೆಡಿಸಿಕೊಂಡದ್ದು, ಎಲ್ಲ ಕೊನೆಗೆ ಇಷ್ಟಕ್ಕಾ? ಹೋಗಬೇಡಿ ಅನ್ನಲು ಅವಳು ಯಾರು? ತಿಂಗಳಿಗೊಂದು ಸಲ ಕತ್ತರಿ ಕೊಡುವ ಗಿರಾಕಿ.

"ಹೋಗ್ಬನ್ನಿ," ಅಂದಳು. "ಒಳ್ಳೇದಾಗ್ಲಿ. ಇದನ್ನೂ ತಗೊಂಡ್ ಹೋಗಿ. ನಿಮ್ ನೆನಪಿಗೆ ಏನೂ ಬೇಡ ನಂಗೆ."

"ಹಂಗ್ಯಾಕ್ ಅಂತೀರಿ..."

ಅದೇ ಹೊತ್ತಿಗೆ ಕೆಂಚಮ್ಮ ಎರಡು ಲೋಟ ಟೀ ಹಿಡಿದು ಒಳಗೆ ಬಂದಳು. ಇಬ್ಬರ ಮುಖವನ್ನೂ ನೋಡಿ, "ಏನ್ ಸೂತಕದ್ ಮನೆ ಆಗೈತೆ ಇಲ್ಲಿ?" ಅಂದಳು.

ಮಾತು ಬದಲಿಸಲು ಧರ್ಮನಿಗೆ ಅದೇ ಸಾಕಾಯಿತು. "ಅಜ್ಜಿ, ಒಂದ್ ಮಾತು. ಇನ್ಮೇಲಾದ್ರೂ ಇವ್ರ ಕತ್ತರೀಲಿ ಮೆಣಸಿನ್ ಚೀಲದ ದಾರ ಕತ್ತರಿಸ್ಬೇಡಿ. ಬೆರಳು ಪೂರಾ ಹೋಗ್ತದೆ ಇವ್ರದ್ದು."

"ನಾನಾ?" ಕೆಂಚಮ್ಮ ಲೋಟ ಠಪ್ಪನೆ ಇಟ್ಟಳು. "ನಾನ್ ಯಾವತ್ ಮುಟ್ಟಿದ್ದೆ ಅದ್ನ? ನಂಗೆ ಕುಡುಗೋಲ್ ಇಲ್ವಾ, ಕತ್ತಿ ಇಲ್ವಾ? ಇವ್ಳೇ ಕಣಪ್ಪಾ! ನೀನ್ ಬರೋ ಹಿಂದಿನ್ ದಿನ ಸಂಜೆ ಬಂದು ದಾರ ಈಸ್ಕಂಡು ಹೋಯ್ತಾಳೆ. ನಿನ್ನೇನೂ ಈಸ್ಕಂಡ್ ಹೋದ್ಳು. ಹೂ ಕಟ್ಟಕ್ಕೇನೋ ಅಂದ್ಕಂಡಿದ್ದೆ. ತಲೇಲಿ ಒಂದ್ ಹೂವೂ ಕಾಣೆ!"

ರಶ್ಮಿತಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಮ್ಮಿ ತಲೆಯ ಕೂದಲನ್ನು ಸುಮ್ಮನೆ ಬಾಚತೊಡಗಿದಳು. ಕಿವಿಯ ತುದಿಯವರೆಗೂ ಕೆಂಪಾದದ್ದು ಅವಳಿಗೇ ಕನ್ನಡಿಯಲ್ಲಿ ಕಾಣುತ್ತಿತ್ತು. ಅದೇ ಕನ್ನಡಿಯಲ್ಲಿ ಅವನೂ ಕಂಡ. ತಲೆ ಎತ್ತಿದ್ದ. ನಗದೇ ತಲೆ ಎತ್ತಿದ್ದ.

"ನಾನ್ ಬರೋ ಹಿಂದಿನ್ ದಿನ?" ಅಂದ.

ಬಾಚಣಿಗೆ ಇನ್ನೂ ಜೋರಾಗಿ ಆಡಿತು.

"ಪ್ರತೀ ಸಲಾನೂ?"

"ಅದು ಮೊಂಡೇ ಆಗ್ತಿರ್ಲಿಲ್ಲ," ಅಂದಳು ರಶ್ಮಿತಾ, ಬಾಚಣಿಗೆಗೆ ಹೇಳುವಂತೆ. "ನೀವ್ ಅಷ್ಟ್ ಚೆನ್ನಾಗ್ ಸಾಣೆ ಹಿಡೀತಿದ್ರಿ. ಹರಿತ ಇದ್ರೆ ನೀವ್ ನೋಡಿ, ಏನೂ ಬೇಡ ಇದಕ್ಕೆ ಅಂದು ಟೀ ಕುಡ್ದು ಹೋಗ್ಬಿಡ್ತೀರಿ. ಒಂದ್ಸಲ ಹಂಗ್ ಹೋಗಿದ್ರಿ. ಆ ತಿಂಗ್ಳು ನಂಗೆ..." ಮುಂದಿನದನ್ನು ಹೇಳಲಾಗದೆ ಬಾಚಣಿಗೆ ಕೆಳಗಿಟ್ಟಳು. "ಕೋಬಾಲ್ಟ್ ತಗೊಂಡ್ರೆ ವರ್ಷಕ್ಕೊಂದ್ ಸಲ ಬರ್ತೀನಿ ಅಂದ್ರಲ್ಲ. ಅಷ್ಟ್ ದಿನ ನಾನ್ ಏನ್ ಮಾಡ್ಲಿ? ಹೇಳಿ, ಏನ್ ಮಾಡ್ಲಿ ನಾನು?"

ಧರ್ಮ ಸ್ಟೂಲಿನ ಮೇಲೆ ಕುಸಿದು ಕೂತ. ಸ್ವಲ್ಪ ಹೊತ್ತು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. ಆಮೇಲೆ ಆ ಮಂಕು ಬಣ್ಣದ ಕತ್ತರಿಯ ಕವರನ್ನು ಎತ್ತಿ ತೋರಿಸಿದ. ಅದರ ಮೂಲೆಗಳು ಸವೆದು ದಾರ ಎದ್ದಿದ್ದವು.

"ಹೊಸ ಕತ್ತರಿ ಕವರ್ ಹಿಂಗಿರ್ತದಾ?"

"ಗೊತ್ತಿಲ್ಲ."

"ಇದು ಎರಡ್ ವರ್ಷದಿಂದ ನನ್ ಪೆಟ್ಟಿಗೆ ತಳದಲ್ಲಿದೆ. ಮೊದಲ್ನೇ ಸಲ ನಿಮ್ಮನ್ನ ನೋಡಿದಾಗ್ಲೂ ಇತ್ತು. ಎಲ್ಲರ್ಗೂ ಇಂಥದ್ದು ತೋರ್ಸಿ ಮಾರಿದ್ದೀನಿ. ನಿಮ್ಗೊಬ್ರಿಗೆ ಇವತ್ತಿನ್ವರೆಗೂ ತೋರ್ಸಿರ್ಲಿಲ್ಲ."

"ಯಾಕೆ?"

"ತೋರ್ಸಿದ್ರೆ ನೀವ್ ತಗೊಂಡ್ಬಿಡ್ತಿದ್ರಿ."

ರಶ್ಮಿತಾಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದಾಗ ಕೈ ತಾನೇ ತಾನಾಗಿ ಬಾಯಿಗೆ ಹೋಯಿತು.

"ನಿಮ್ ಮೆತ್ತನೆ ಉಕ್ಕೇ ನಂಗೆ ದೇವ್ರಾಗಿತ್ತು," ಅಂದ ಅವನು. ಅವನ ಕಣ್ಣೂ ಒದ್ದೆಯಾಗಿತ್ತು. "ಬೆರಳಿಗೆ ಬ್ಯಾಂಡೇಜ್ ಕಂಡ್ಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ ರೀ. ನನ್ ಸ್ವಾರ್ಥಕ್ಕೆ ನಿಮ್ ಕೈ ಹಾಳ್ ಮಾಡ್ದೆ ಅನ್ನಿಸ್ತು. ಇದನ್ನ ಕೊಟ್ಬಿಡೋಣ, ಕೊಟ್ಮೇಲೆ ಈ ರೂಟಲ್ಲಿ ನಂಗೇನ್ ಕೆಲ್ಸ, ಹಾಸನಕ್ಕೆ ಹೋಗ್ಬಿಡೋಣ ಅಂತ ಒಪ್ಕೊಂಡೆ. ಬೇರೆ ದಾರಿ ಗೊತ್ತಾಗ್ಲಿಲ್ಲ."

"ಬಾಯ್ ಇರ್ಲಿಲ್ವಾ ನಿಮ್ಗೆ?"

"ನಿಮ್ಗೆ ಇರ್ಲಿಲ್ವಾ?"

"ಸರಿಹೋಯ್ತು!" ಕೆಂಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ. "ಇಬ್ರೂ ಫೋರ್ ಟ್ವೆಂಟಿಗಳೇ. ನಡುವೆ ನನ್ ತಲೆ ಮೇಲ್ ಗೂಬೆ ಕೂರ್ಸವ್ರೆ. ನನ್ ದಾರ ಎಷ್ಟ್ ಹಾಳ್ ಮಾಡ್ಬುಟ್ರಿ!"

ಮೂವರೂ ನಕ್ಕರು. ನಗು ನಿಂತ ಮೇಲೆ ಹಾಸನ ಮತ್ತೆ ನಡುವೆ ಬಂದು ಕೂತಿತು.

"ಅಲ್ಲಿ ರಜಾ ಯಾವಾಗ?" ಕೇಳಿದಳು ರಶ್ಮಿತಾ.

"ಭಾನುವಾರ. ಸಲೂನ್‌ಗಳಿಗೆ ರಜಾ ಇರೋ ಮಂಗಳವಾರ ಅಂತೂ ತಲೆ ಎತ್ತೋಕೂ ಆಗಲ್ಲ."

"ಭಾನುವಾರ ನಂಗೆ ಉಸಿರಾಡಕ್ಕೂ..." ಮಾತು ಅಲ್ಲೇ ನಿಂತಿತು. ಎಂಥ ಹಣೆಬರಹ ನೋಡಿ, ಬಾಯಿ ಬಿಟ್ಟದ್ದೇನೋ ಆಯಿತು, ಇಬ್ಬರ ರಜೆಯೂ ಕೂಡಿಬರಲೊಲ್ಲದು. ಅವಳು ಮತ್ತೆ ಅಳುವ ಮುಖ ಮಾಡಿದಳು.

ಧರ್ಮ ಎದ್ದು ಹೋಗಿ ಮೂಲೆಯಲ್ಲಿದ್ದ ಪೊರಕೆ ತಂದ. ಡಮ್ಮಿ ತಲೆಯಿಂದ ಉದುರಿದ ಕೂದಲನ್ನು ಬಗ್ಗಿ ಗುಡಿಸಿ, ಒಂದು ಕಡೆ ಗುಡ್ಡೆ ಮಾಡಿದ. ಅಚ್ಚುಕಟ್ಟಾಗಿಯೇನೂ ಇರಲಿಲ್ಲ, ಅರ್ಧ ಅಲ್ಲೇ ಉಳಿದಿತ್ತು.

"ಭಾನುವಾರ ಗುಡಿಸೋಕೆ ಯಾರೂ ಇಲ್ಲ ಅಂದಿದ್ರಲ್ಲ," ಅಂದ. "ಬೆಳಿಗ್ಗೆ ಫಸ್ಟ್ ಬಸ್ಸಿಗೆ ಬರ್ತೀನಿ. ಎಲ್ಲಾ ಭಾನುವಾರಾನೂ. ಸಾಣೆ ಮಷೀನ್ ಇಲ್ದೇ ಬಂದ್ರೆ ಒಳಗ್ ಬಿಟ್ಕೊಳ್ತೀರಾ?"

"ಮೂಲೆ ಸರಿಯಾಗ್ ಗುಡಿಸಿದ್ರೆ," ಅಂದಳು.

ಅವನು ಕೋಬಾಲ್ಟ್ ಕತ್ತರಿಯನ್ನು ಒರೆಸಿ, ಬಾಯಿ ಮುಚ್ಚಿ, ಅಭ್ಯಾಸದಂತೆ ಟೇಬಲ್ಲಿನ ಮೇಲೆ ಇಡಲು ಬಗ್ಗಿದ. ರಶ್ಮಿತಾ ಟೇಬಲ್ಲಿಗೂ ಕತ್ತರಿಗೂ ನಡುವೆ ತನ್ನ ಅಂಗೈ ಚಾಚಿದಳು. ಬ್ಯಾಂಡೇಜಿನ ಕೈ.

"ಕೈಗೇ ಕೊಡಿ."

"ಜಗಳ ಆಗ್ತದೆ ಅಂತಾರೆ ಅಜ್ಜಿ."

"ಆಗ್ಲಿ. ದಿನಾ ಆಗ್ಲಿ. ದಿನಾ ಜಗಳ ಆಡೋಕೆ ಒಂದೇ ಮನೇಲಿ ಇರ್ಬೇಕಲ್ಲ."

ಧರ್ಮನ ಕೈ ಗಾಳಿಯಲ್ಲೇ ನಿಂತಿತು. ಮೆಲ್ಲಗೆ ಅವಳ ಅಂಗೈಯಲ್ಲಿ ಕತ್ತರಿ ಇಟ್ಟ. ಅವನ ಬೆರಳು ಅವಳ ಬೆರಳಿಗೆ ತಾಗಿತು. ಒರಟು ಬೆರಳು, ಕಲ್ಲಿನ ನೀರಿನಲ್ಲಿ ನೆನೆದೂ ನೆನೆದೂ ಬಿರಿದ ಬೆರಳು. ಅವನು ತೆಗೆಯಲಿಲ್ಲ. ಅವಳೂ ಬಿಡಲಿಲ್ಲ.

"ಅಯ್ಯಯ್ಯೋ, ಕೊಟ್ಟೇಬುಟ್ಟ!" ಎಂದು ಕೆಂಚಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು.

"ದಿನಾ ಒಂದ್ ತೊಟ್ಟು ಎಣ್ಣೆ ಹಾಕ್ಬೇಕು ಇದಕ್ಕೆ," ಅಂದ ಧರ್ಮ, ಕೈ ಹಿಡಿದುಕೊಂಡೇ, ಬೇರೆ ಏನು ಮಾತಾಡಬೇಕೆಂದು ತಿಳಿಯದೆ.

"ವಾರಕ್ಕೊಂದ್ಸಲ ಸಾಕು."

"ದಿನಾ ಹಾಕ್ಬೇಕು ರೀ."

"ನಾಲ್ಕ್ ವರ್ಷದಿಂದ ಅಂಗ್ಡಿ ನಡೆಸ್ತಿರೋದು ನಾನು. ವಾರಕ್ಕೊಂದ್ಸಲ."

"ಅದಕ್ಕೇ ಬೆರಳ್ ಹಿಂಗಾಗಿರೋದು."

"ಬೆರಳು ಹಿಂಗಾಗಿರೋದು ನಿಮ್ಮಿಂದ!"

ಕೆಂಚಮ್ಮ ಖಾಲಿ ಲೋಟಗಳನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಹೊರಗೆ ಬಸ್ಸಿಗೆ ಕಾಯುತ್ತಿದ್ದವರ ಕಡೆ ತಿರುಗಿ, ಯಾರೂ ಕೇಳದಿದ್ದರೂ ಜೋರಾಗಿ ಹೇಳಿದಳು:

"ನಾನ್ ಹೇಳ್ನಿಲ್ವಾ? ನೋಡಿ, ಶುರುವಾಯ್ತು."